ತೋಟ ಸುತ್ತಿದ್ದು ಸಾಲಲಿಲ್ಲ, ಏರು ಹತ್ತಬೇಕಾಯಿತು

“ದಿನಾ ಏಳೆಂಟು ಕಿಲೋಮೀಟರ್ ಕಾಫಿ ತೋಟ ಸುತ್ತುವವನಿಗೆ ಇನ್ನೆಂಥ ವ್ಯಾಯಾಮ?” ಎಂದು ಭಾವ ಕೇಳಿದಾಗ ನನಗೆ 47. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಬಳಗದಲ್ಲಿ ಎಲ್ಲರದೂ ಅದೇ ಮಾತು. ಈಗ ಮಿದುಳಿನ ನಾಳದಲ್ಲಿ ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಪರೀಕ್ಷೆಯ ಎರಡನೇ ವರದಿ ಕೈಗೆ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ 58ಕ್ಕೇ ಪಾರ್ಶ್ವವಾಯು ಹೊಡೆದಿತ್ತು. ನನಗೆ ಬಿ.ಪಿ. 150ರ ಮೇಲೆ. ಹಾಜರಿ ಕರೆಯುವಾಗ ಹತ್ತು ವರ್ಷದಿಂದ ಗೊತ್ತಿರುವ ಕೆಲಸದವರ ಹೆಸರೇ ನಾಲಿಗೆಗೆ ಬರುತ್ತಿರಲಿಲ್ಲ. ಮೈಸೂರಿಗೆ ಹೋಗಿ ತಲೆಯ ಡಾಪ್ಲರ್ ಮಾಡಿಸಿದೆ, ಎರಡೂವರೆ ಸಾವಿರದ ಹತ್ತಿರ ಆಯಿತು. ಮಿದುಳಿನ ನಡು ಅಪಧಮನಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 50 ಸೆಂಟಿಮೀಟರ್ ಆಸುಪಾಸು. ನನ್ನನ್ನು ಹೆದರಿಸಿದ್ದು ಅದಲ್ಲ, ಉಸಿರು ಹಿಡಿಯುವ ಪರೀಕ್ಷೆ. ಉಸಿರು ಕಟ್ಟಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಸಣ್ಣ ನಾಳಗಳು ಹಿಗ್ಗಬೇಕು, ವೇಗ ಏರಬೇಕು. ನಾನು 30 ಸೆಕೆಂಡ್ ಹಿಡಿದರೂ 58 ದಾಟಲಿಲ್ಲ.

ತೋಟ ಸುತ್ತಿದ್ದು ಸಾಲದು, ಬೇರೆ ವ್ಯಾಯಾಮ ಬೇಕು ಅನ್ನಿಸಿತು. ಮೊದಲ ತಪ್ಪಿಗೆ 40 ಸಾವಿರ ಹೋಯಿತು. ಟ್ರೆಡ್‌ಮಿಲ್. ನಮ್ಮಲ್ಲಿ ಮಳೆಗಾಲದ ಕರೆಂಟಿನ ಕಥೆ ನಿಮಗೆ ಹೇಳಬೇಕಿಲ್ಲ. ಆಗಸ್ಟ್ ಹೊತ್ತಿಗೆ ಬೆಲ್ಟಿಗೆ ಬೂಷ್ಟು, ಮೋಟರಿಗೆ ತುಕ್ಕು. 14 ಸಾವಿರಕ್ಕೆ ಮಾರಿದೆ. ನೆನಪಿನ ಶಕ್ತಿಯ ಮಾತ್ರೆಗೆಂದು ಇನ್ನೊಂದು ಐದಾರು ಸಾವಿರ ಸುರಿದೆ. ಆ ದುಡ್ಡು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎರಡನೇ ತಪ್ಪು ಇನ್ನೂ ದೊಡ್ಡದು: ದಿನಾ ಏರಿನಲ್ಲಿ ಜೀವ ಬಿಟ್ಟು ಓಡಿದ್ದು. ತುದಿ ಮುಟ್ಟುವಾಗ ಏದುಸಿರು, ಕಣ್ಣಿಗೆ ಕತ್ತಲೆ. ಕಾರಣ ಆಮೇಲೆ ತಿಳಿಯಿತು. ನಮ್ಮ ಪೂರ್ತಿ ಶಕ್ತಿಯ ನೂರಕ್ಕೆ ಅರವತ್ತು ಎಪ್ಪತ್ತು ಪಾಲಿನವರೆಗೆ ಓಡಿದರೆ ಮಿದುಳಿಗೆ ರಕ್ತ ಹೆಚ್ಚುತ್ತದೆ. ಅದರಾಚೆ ಅತಿಯಾಗಿ ಉಸಿರಾಡಿ ಡೈಆಕ್ಸೈಡ್ ಕಳೆದುಕೊಳ್ಳುತ್ತೇವೆ, ನಾಳ ಕುಗ್ಗುತ್ತದೆ, ಹರಿವು ಇಳಿಯುತ್ತದೆ. ತೋಟ ಸುತ್ತುವುದರದ್ದು ಇದಕ್ಕೆ ತದ್ವಿರುದ್ಧ. ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ಗಿಡ ನೋಡುವುದು, ಮತ್ತೆ ನಡೆಯುವುದು. ನಾಡಿ 95 ದಾಟುವುದೇ ಇಲ್ಲ. ಭಾವನ ಲೆಕ್ಕ ತಪ್ಪಿದ್ದು ಇಲ್ಲೇ.

ಆಮೇಲೆ ವಾರಕ್ಕೆ ನಾಲ್ಕು ದಿನ, ಮಾತಾಡುವಷ್ಟು ಉಸಿರು ಉಳಿಯುವ ವೇಗದಲ್ಲಿ 40–45 ನಿಮಿಷ ನಿಲ್ಲದ ಏರುನಡಿಗೆ. ನಾಡಿ 115ರಿಂದ 125. ಭಾನುವಾರ ಮಾತ್ರ ಬಿರುಸು: ನಾಲ್ಕು ನಿಮಿಷ ನಾಡಿ 150ರ ಮೇಲೆ, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ಬೆಟ್ಟದ ಕಡೆಗೆ ಏರುವ ದಾರಿ ಇದಕ್ಕೆಂದೇ ಮಾಡಿದಂತಿದೆ. ಆನೆ ಓಡಾಡುವ ಸುದ್ದಿ ಇದ್ದರೆ ಬೆಳಕು ಹರಿಯುವ ಮೊದಲು ಹೊರಡುವುದಿಲ್ಲ, ಇದರಲ್ಲಿ ರಾಜಿಯಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಜಿಗಣೆ, ಮಳೆಯ ನಡುವೆ ಒಂದು ದಿನವೂ ತಪ್ಪದಂತೆ ಕಣದ ಹತ್ತಿರ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಕಾಫಿಯ ಪ್ರಯೋಗವನ್ನೂ ಮಾಡಿದೆ. ಕೆಫೀನ್ ಮಿದುಳಿನ ನಾಳಗಳನ್ನು ಕುಗ್ಗಿಸುತ್ತದೆ, ಪರೀಕ್ಷೆಯ ದಿನ ಕುಡಿಯಬೇಡಿ ಎಂದಿದ್ದರು. ರೊಬಸ್ಟಾ ಬೆಳೆಯುವವನು ನಾನು, ದಿನಕ್ಕೆ ಐದು ಲೋಟ ಅಭ್ಯಾಸ. ಪೂರ್ತಿ ಬಿಟ್ಟು ನೋಡಿದೆ. ಎರಡನೇ ದಿನ ತಲೆ ಸಿಡಿದುಹೋಗುವ ನೋವು: ಕಾಫಿ ತಪ್ಪಿದಾಗ ನಾಳಗಳು ಒಮ್ಮೆಲೇ ಹಿಗ್ಗುತ್ತವೆ. ವಾರದಲ್ಲಿ ನೋವು ಹೋಯಿತು. ಈಗ ಎರಡೇ ಲೋಟ, ಅದೂ ನಡಿಗೆ ಮುಗಿದ ಮೇಲೆ.

ಹದಿನಾಲ್ಕು ತಿಂಗಳಾಯಿತು. ಬೆಳಿಗ್ಗೆ ಏಳುವಾಗಿನ ನಾಡಿ 78ರಿಂದ 61ಕ್ಕೆ ಇಳಿದಿದೆ. ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡುತ್ತೇವೆಂದು ನೋಡುವ ಕೂಪರ್ ಓಟದಲ್ಲಿ ಮೊದಲು 1500 ಮೀಟರ್ ಇತ್ತು, ಮೊನ್ನೆ ಮಡಿಕೇರಿಯಲ್ಲಿ 2100 ದಾಟಿದೆ. ನನಗಿಂತ ಹತ್ತು ವರ್ಷ ಚಿಕ್ಕವರಿಬ್ಬರು ಹಿಂದೆ ಉಳಿದರು. ಬಿ.ಪಿ. ಮಾತ್ರೆಯನ್ನು ವೈದ್ಯರೇ ಅರ್ಧ ಮಾಡಿದ್ದಾರೆ. ಡಾಪ್ಲರ್‌ನಲ್ಲಿ ವೇಗ 50ರಿಂದ 53ಕ್ಕೆ ಏರಿದೆ. ಆ ಮೂರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಲೆಗೆ ಒತ್ತಿಹಿಡಿಯುವ ಪ್ರೋಬಿನ ಕೋನ ಸ್ವಲ್ಪ ಸರಿದರೂ ಅಷ್ಟು ವ್ಯತ್ಯಾಸ ಬರುತ್ತದೆ. ಆದರೆ ಉಸಿರು ಹಿಡಿದಾಗ 70 ಮುಟ್ಟಿತು. ಯಂತ್ರದ ಮುಂದೆ ಕುಳಿತಿದ್ದ ಹುಡುಗಿ ಹಳೆಯ ವರದಿ ಕೇಳಿ ಪಡೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

ಹಾಜರಿಯನ್ನು ಈಗ ಪುಸ್ತಕ ತೆರೆಯದೆ ಕರೆಯುತ್ತೇನೆ. ಭಾವ ಮುಂದಿನ ಭಾನುವಾರ ಕಕ್ಕಬ್ಬೆಗೆ ಬರುತ್ತೇನೆಂದು ಫೋನ್ ಮಾಡಿದ್ದರು. ಬಿ.ಪಿ. ನೋಡಿಸಿಕೊಂಡೇ ಬನ್ನಿ ಎಂದಿದ್ದೇನೆ.