ಕಾರಿನ ಗೆರೆ ತೋರಿಸುವ ಬೆಳಕು ಯಾವುದು?

ಕಪ್ಪು ಕಾರೊಂದಕ್ಕೆ ದಿನವಿಡೀ ಪಾಲಿಶ್ ಹಾಕಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿ ಸಮಾಧಾನಪಟ್ಟಿದ್ದೆವು. ಮರುದಿನ ಹೊರಗೆ ತಂದು ನಿಲ್ಲಿಸಿದಾಗ ಎಳೆಬಿಸಿಲು ಬಾನೆಟ್ಟಿನ ಮೇಲೆ ಬಿದ್ದದ್ದೇ ತಡ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಗೆರೆಗಳು ಮೂಡಿದವು. ಮಾಲೀಕರು ಬರುವ ಮೊದಲೇ ಕಾರನ್ನು ಮತ್ತೆ ಒಳಗೆ ತಳ್ಳಿದೆವು. ಗ್ಯಾರೇಜಿನ ದೀಪಗಳನ್ನು ಬದಲಿಸಿದ್ದು ಆ ವಾರವೇ.

ಮೊದಲು ದೀಪದ ಡಬ್ಬಿಯ ಮೇಲಿನ ಕೆಲ್ವಿನ್ ಸಂಖ್ಯೆಯನ್ನು ಓದಿ. ಹಳೆಯ ಬುರುಡೆ ಬಲ್ಬಿನ ಹಳದಿ ಬೆಳಕು ಸುಮಾರು 2700 ಕೆಲ್ವಿನ್. ಅಂಗಡಿಯವರು ಕೇಳಿದ ತಕ್ಷಣ ಕೈಗಿಡುವ ನೀಲಿ ಛಾಯೆಯ ಎಲ್‌ಇಡಿ ಟ್ಯೂಬ್ ಸಾಮಾನ್ಯವಾಗಿ 6500. ಇದು ಬೆಳಕಿನ ಬಣ್ಣದ ಲೆಕ್ಕ ಮಾತ್ರ. ಎಷ್ಟು ಬೆಳಕು ಎಂಬುದನ್ನು ಲುಮೆನ್ ಹೇಳುತ್ತದೆ.

ಛಾವಣಿಯ ದೀಪಕ್ಕೆ ನಾನು ಹೇಳುವುದು 5000 ಕೆಲ್ವಿನ್. ನಡುಹಗಲಿನ ಬಿಸಿಲಿಗೆ ಹತ್ತಿರವಾದ ಬೆಳಕು ಅದು. 6500ರ ಬೆಳಕಿನಲ್ಲಿ ಮರೂನ್, ಕೆಂಪು ಬಣ್ಣಗಳು ಸಪ್ಪೆಯಾಗುತ್ತವೆ, ಸಂಜೆಯ ಹೊತ್ತಿಗೆ ಕಣ್ಣೂ ಉರಿಯುತ್ತದೆ. ಜೊತೆಗೆ ಸಿಆರ್‌ಐ 90ಕ್ಕಿಂತ ಹೆಚ್ಚಿರಲಿ; ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಳತೆ ಅದು. ಒಂದು ಟ್ಯೂಬ್ ಕೆಟ್ಟಾಗ ಬೇರೆ ಸಂಖ್ಯೆಯದನ್ನು ಸಿಕ್ಕಿಸಬೇಡಿ. ಒಂದು ಬಾಗಿಲು ಹಳದಿಯಾಗಿ, ಇನ್ನೊಂದು ನೀಲಿಯಾಗಿ ಕಂಡು, ಯಾರೋ ಮರು ಪೇಂಟ್ ಮಾಡಿಸಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ.

ಆದರೆ ಛಾವಣಿಯ ದೀಪ ಎಷ್ಟೇ ಒಳ್ಳೆಯದಿದ್ದರೂ ಗೆರೆ ಹುಡುಕಲು ಸಾಲದು. ಹತ್ತು ಕಡೆಯಿಂದ ಬೀಳುವ ಬೆಳಕು ಗೆರೆಯನ್ನು ನುಂಗಿಬಿಡುತ್ತದೆ. ಆ ಕೆಲಸಕ್ಕೆ ಒಂದೇ ಬಿಂದುವಿನಿಂದ ಹೊಮ್ಮುವ ಕೈದೀಪ ಬೇಕು. ಉಳಿದ ದೀಪಗಳನ್ನು ಆರಿಸಿ, ಅದನ್ನು ಓರೆಯಾಗಿ ಹಿಡಿದು, ನೀವೂ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತಾ ನೋಡಿ. ಬಿಳಿ, ಬೆಳ್ಳಿ ಬಣ್ಣದ ಕಾರುಗಳಲ್ಲಿ ಬಿಳಿ ಬೆಳಕು ಮೈಬಣ್ಣದಲ್ಲೇ ಕರಗಿಹೋಗುತ್ತದೆ. 3000ದ ಆಸುಪಾಸಿನ ಹಳದಿ ಬೆಳಕಿನಲ್ಲಿ ನನ್ನ ಕಣ್ಣಿಗೆ ಗೆರೆ ಬೇಗ ಸಿಗುತ್ತದೆ. ಬಣ್ಣ ಬದಲಿಸಬಲ್ಲ ಕೈದೀಪ ಕೊಂಡರೆ ಎರಡಕ್ಕೂ ಆಯಿತು.

ನೀರು ಚಿಮ್ಮುವ ಜಾಗಕ್ಕೆ, ಒಳಗೆ ಧೂಳು ನೀರು ಹೋಗದ ಐಪಿ65 ಗುರುತಿನ ದೀಪ ಹಾಕಿಸಿ. ಗೋಡೆಗೆ ಹೊಳಪಿಲ್ಲದ ಬಿಳಿ ಅಥವಾ ಬೂದು ಬಣ್ಣ ಬಳಿಯಿರಿ. ಹಸಿರು ಗೋಡೆಯ ಛಾಯೆ ಬಿಳಿ ಕಾರಿನ ಮೇಲೆ ಹಸಿರಾಗಿಯೇ ಕೂರುತ್ತದೆ.

ಕಾರು ಒಪ್ಪಿಸುವ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಪಾಲಿಶಿನ ಎಣ್ಣೆ ಗೆರೆಯೊಳಗೆ ತುಂಬಿಕೊಂಡು ಅದನ್ನು ಮುಚ್ಚಿರುತ್ತದೆ. ಎಣ್ಣೆ ಹೋದ ಮೇಲೆ ಕೈದೀಪವನ್ನು ಇನ್ನೊಮ್ಮೆ ಹಿಡಿಯಿರಿ, ಬಾನೆಟ್ಟಿನಿಂದಲೇ ಶುರುಮಾಡಿ.