ಒಪ್ಪಿಸುವುದನ್ನು ಬಿಟ್ಟ ಮೇಲೆ ಒಪ್ಪಿಕೊಂಡರು

"ನಾನೇನು ಕುಡುಕ ಅಲ್ಲ ಸಾರ್. ಮೈಕೈ ನೋವಿಗೆ ರಾತ್ರಿ ಎರಡು ನೈಂಟಿ, ಅಷ್ಟೇ." ಕುಡಿತ ಬಿಡಿಸುವ ಸಮಾಲೋಚನೆಯ ನಮ್ಮ ಕೆಲಸದಲ್ಲಿರುವವರೆಲ್ಲ ಇದನ್ನು ಕೇಳಿರುತ್ತೀರಿ. ನಿರಾಕರಣೆ, ಸಮರ್ಥನೆ, ಕಡಿಮೆ ಮಾಡಿ ಹೇಳುವುದು, ಮೂರೂ ಒಂದೇ ಉಸಿರಿನಲ್ಲಿ.

ನಾನು ಮೊದಲು ಕೆಲಸಕ್ಕಿದ್ದ ಕೇಂದ್ರದಲ್ಲಿ ಹೆಂಡತಿ, ಅಣ್ಣತಮ್ಮಂದಿರನ್ನು ಎದುರಿಗೆ ಕೂರಿಸಿ, ಲಿವರ್ ರಿಪೋರ್ಟ್ ಮುಂದಿಟ್ಟು, ಚಟವಿದೆಯೆಂದು ರೋಗಿಯನ್ನು ಒಪ್ಪಿಸುತ್ತಿದ್ದರು. ಒಪ್ಪುತ್ತಿದ್ದರು, ಅಳುತ್ತಿದ್ದರು. ಮನೆಗೆ ಹೋದ ತಿಂಗಳೊಳಗೆ ಅರ್ಧಕ್ಕರ್ಧ ಜನ ಮತ್ತೆ ಬಾರಿನ ಮುಂದೆ. ಹೆಂಡತಿ ಸಂಘದಲ್ಲಿ ಇಪ್ಪತ್ತು ಮೂವತ್ತು ಸಾವಿರ ಸಾಲ ಎತ್ತಿ ಸೇರಿಸಿರುತ್ತಿದ್ದರು. ಆತ ಕುಡಿಯುವುದು ಶುರುವಾದ ಮೇಲೂ ವಾರದ ಕಂತು ನಿಲ್ಲುತ್ತಿರಲಿಲ್ಲ. ನನಗೆ ತಡೆಯಲಾಗದೇ ಹೋದದ್ದು ಅದು.

ಒಪ್ಪಿಸುವುದನ್ನೇ ಬಿಟ್ಟೆ. "ಒಪ್ಪಿಸದೆ ಅದೆಂಗಯ್ಯಾ ಬಿಡಿಸ್ತೀಯ?" ಅಂದರು ಹಿರಿಯರು. ಎದುರು ಕೂತ ಸಮಾಲೋಚಕನ ಧಾಟಿ ಹೇಗೋ ರೋಗಿಯ ಹಠವೂ ಹಾಗೆ ಎಂಬುದನ್ನು ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲೇ ಬರೆದಿದ್ದರು. ನಮ್ಮಲ್ಲಿ ಅದು ತರಬೇತಿಯ ಫೈಲಿನಲ್ಲೇ ಉಳಿದಿತ್ತು.

ಈಗ ಎರಡು ನೈಂಟಿ ಅಂದರೆ ಎರಡೇ ಬರೆಯುತ್ತೇನೆ. ದರ, ನೆಂಚಿಕೊಳ್ಳುವುದು, ಬೀಡಿ, ಮಾರನೇ ದಿನ ತಪ್ಪಿದ ಕೂಲಿ ಎಲ್ಲ ಅವರ ಬಾಯಲ್ಲೇ ಬರಬೇಕು, ಕೂಡುವುದೂ ಅವರೇ. ದಿನಕ್ಕೆ ₹150 ಹಿಡಿದರೂ ವರ್ಷಕ್ಕೆ ಐವತ್ತು ಸಾವಿರ ದಾಟುತ್ತದೆ. ಗಾರೆ ಕೆಲಸದವರೊಬ್ಬರು ಆ ಮೊತ್ತ ನೋಡುತ್ತಾ ಕೂತು, "ಎರಡಲ್ಲ ಸಾರ್, ನಾಲ್ಕು ಹಾಕಿ" ಅಂದರು. ಅದಕ್ಕೆ ಮುಂಚೆ ನಾನು ಕೇಳಿದ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಆಳು ನೋಡಿ ಕೇಳಬೇಕಾದದ್ದು. ಪಕ್ಕದಲ್ಲಿ ಕೂತು ನೋಡುವವರಿಗೆ ತೋರಿಸುತ್ತೇನೆ.

"ಇವಳ ಕಾಟಕ್ಕೇ ಕುಡಿಯೋದು" ಅನ್ನುವವರ ಹತ್ತಿರ ಈ ಲೆಕ್ಕ ನಡೆಯಲಿಲ್ಲ. ಅವರನ್ನು ಕುಡಿತ ಬಿಡುತ್ತಿರುವವರ ಗುಂಪಿನಲ್ಲಿ ಕೂರಿಸಿ ನೋಡಿದೆ. ಕುಡಿತ ಬಿಟ್ಟು ವರ್ಷವಾದ ಒಬ್ಬರು "ನಾನೂ ಹಂಗೇ ಅಂತಿದ್ದೆ ಕಣಣ್ಣ" ಅಂದರೆ ನನ್ನ ನಾಲ್ಕು ಸಿಟ್ಟಿಂಗ್‌ಗೆ ಸಮ. ಇನ್ನೊಂದು, ಗಂಟೆಗೊಂದು ಕಥೆ ಹೇಳುವವರೆಲ್ಲ ಸುಳ್ಳು ಹೇಳುತ್ತಿರುವುದಿಲ್ಲ. ಬಿ1 ವಿಟಮಿನ್ ಕೊರತೆಯಿಂದ ಮಿದುಳು ಪೆಟ್ಟು ತಿಂದು, ಮರೆತ ಜಾಗವನ್ನು ಕಥೆಯಿಂದ ತುಂಬಿಸುತ್ತಿರಬಹುದು. ಅವರಿಗೆ ಬೇಕಾದ್ದು ಡಾಕ್ಟರು.

ಹಿಂದೆ ಹತ್ತರಲ್ಲಿ ಇಬ್ಬರು ಮೂವರು ಎರಡನೇ ತಿಂಗಳಿಗೂ ಬರುತ್ತಿದ್ದರು, ಈಗ ಆರೇಳು ಜನ. ಅಂದು ಕೇಳಿದ ಹಿರಿಯರೇ ಗಟ್ಟಿ ಕೇಸುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ನಿಜವಾದ ಅಳತೆ ಬಾಯಿಗೆ ಬಂದ ದಿನವೇ ನಾನು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ನಾಲ್ಕು ಕುಡಿಯುವವರು ಎರಡೆಂದು ಹೇಳಿ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಮದ್ದಿನ ಪ್ರಮಾಣವೂ ತಪ್ಪುತ್ತದೆ.