ಕೀಬೋರ್ಡಿಗೆ ಬಟ್ಟೆ ಹೊದಿಸಿದ ತಪಸ್ಸುಕಾಲ

ನಮ್ಮದು ಕನಕಪುರ ಸೀಮೆಯ ಒಂದು ಹಳ್ಳಿಯ ಕಥೋಲಿಕ ಧರ್ಮಕೇಂದ್ರ (ಪ್ಯಾರಿಷ್). ಊರಿನ ಬದುಕು ರೇಷ್ಮೆ ಮತ್ತು ರಾಗಿ, ಪೂಜೆ ಪೂರ್ತಿ ಕನ್ನಡದಲ್ಲಿ. ಗಾನವೃಂದದ ಹೊಣೆ ನನ್ನ ತಲೆಗೆ ಬಿದ್ದು ಬಹಳ ಕಾಲವಾಯಿತು. ಕ್ರಿಸ್‌ಮಸ್ಸಿಗೆ ಹಾಡು ಕಲಿಸಲು ಯಾರನ್ನೂ ಕರೆಯಬೇಕಿಲ್ಲ, ಹುಡುಗರು ತಾವಾಗಿಯೇ ಬಂದು ಸೇರುತ್ತಾರೆ. ಪಾಸ್ಕಕ್ಕೆ (ಈಸ್ಟರಿಗೆ) ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಹಾಗಲ್ಲ. ಮೊದಲನೇ ಅಭ್ಯಾಸಕ್ಕೆ ಕೀಬೋರ್ಡ್ ನುಡಿಸುವವನೇ ಬರುವುದಿಲ್ಲ. ಬಂದು ಮಾಡುವುದಾದರೂ ಏನು ಎಂಬುದು ಅವನ ವಾದ. ಅವನದೂ ನಿಜವೇ. 2025ರಲ್ಲಿ ನಾವು ಕೀಬೋರ್ಡಿಗೆ ಬಟ್ಟೆ ಹೊದಿಸಿ, ರಿದಂ ಪ್ಯಾಡನ್ನು ಕಪಾಟಿನೊಳಗಿಟ್ಟು ಬೀಗ ಹಾಕಿಯೇ ಬಿಟ್ಟಿದ್ದೆವು.

ಕಥೋಲಿಕ ಧರ್ಮಸಭೆಯ ನಿಯಮ ಇಷ್ಟು ಕಟ್ಟುನಿಟ್ಟಿಲ್ಲ. ತಪಸ್ಸುಕಾಲದಲ್ಲಿ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು, ಬರೀ ವಾದ್ಯ ನುಡಿಸುವಂತಿಲ್ಲ, ಪೀಠದ ಮೇಲೆ ಹೂವಿಡುವಂತಿಲ್ಲ ಎಂದಷ್ಟೇ ಅದು ಹೇಳುತ್ತದೆ. ನಾಲ್ಕನೇ ಭಾನುವಾರವೂ ಹಬ್ಬದ ದಿನಗಳಲ್ಲೂ ಅದಕ್ಕೂ ಸಡಿಲಿಕೆ ಉಂಟು. ಆದರೆ ನಮ್ಮ ಹುಡುಗರ ‘ಆಸರೆ’ ಎಂಥದ್ದು ಅಂತ ನನಗೆ ಗೊತ್ತು. ಎರಡು ಸಾಲಿನ ಹಾಡಿಗೆ ನಾಲ್ಕು ಸಾಲಿನ ಬಿಜಿಎಂ, ನಡುವೆ ಕೊಳಲಿನ ದನಿ, ಹಿಂದೆ ಡಮ್ ಡಮ್. ಅದಕ್ಕೆ ಫಾದರ್ ಹತ್ತಿರ ಮಾತಾಡಿ, ಈ ಸಲ ಶ್ರುತಿಪೆಟ್ಟಿಗೆಯೊಂದೇ ಸಾಕು ಅಂತ ತೀರ್ಮಾನ ಮಾಡಿದೆ. ಮೊದಲ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಒಬ್ಬರು ಹಿರಿಯರು, “ಏನ್ ಮೇಷ್ಟ್ರೇ, ಚರ್ಚೊಳಗೆ ಯಾರೋ ತೀರ್ಕೊಂಡಂಗಿತ್ತಲ್ಲ” ಅಂದರು. ನಲವತ್ತು ದಿನ ಹಾಗೇ ಇರುತ್ತೆ ಯಜಮಾನ್ರೇ, ಅಂದೆ.

ಶ್ರುತಿಪೆಟ್ಟಿಗೆ ಹಿಡಿದ ಮೇಲೆ ಮಾಡಿದ ಮೊದಲ ಕೆಲಸ ಶ್ರುತಿ ಇಳಿಸಿದ್ದು. ಗಾನವೃಂದದ ಹುಡುಗಿಯರಿಗೆ ನಾಲ್ಕು ಮನೆ, ಐದು ಮನೆಯ ಎತ್ತರದ ಶ್ರುತಿ ಸಲೀಸು. ಬೆಂಚಿನಲ್ಲಿ ಕೂತ ರೈತನಿಗೂ ಅವನ ತಾಯಿಗೂ ಅದು ಎಟುಕುವುದಿಲ್ಲ. ಎಟುಕದಿದ್ದಾಗ ಅವರು ಬಾಯಿ ಮುಚ್ಚಿಕೊಂಡು ನಮ್ಮ ಕಚೇರಿ ಕೇಳುತ್ತಾ ಕೂರುತ್ತಾರೆ. ಎರಡು ಮನೆಗೆ ತಂದೆ. ಪ್ರವೇಶಕ್ಕೂ ಕಾಣಿಕೆಗೂ ವಾರವಾರ ಹೊಸ ಹಾಡು ಹುಡುಕುವುದನ್ನು ಬಿಟ್ಟು, ಇಡೀ ತಪಸ್ಸುಕಾಲಕ್ಕೆ ಕೈಬೆರಳಲ್ಲಿ ಎಣಿಸುವಷ್ಟು ಹಾಡು ಇಟ್ಟುಕೊಂಡೆ. ಪೂಜೆಯಲ್ಲಿ ಹಾಡುವ ಬೈಬಲ್ ಕೀರ್ತನೆಯ ಪಲ್ಲವಿಯನ್ನು ಪೂಜೆಗೆ ಮುಂಚೆ ಜನರಿಗೆ ಹೇಳಿಕೊಟ್ಟೆ. ಒಂದು ಸಾಲು, ಸಾಕು.

ನಾನು ಎಣಿಸದೇ ಇದ್ದ ಬಲ ಸಿಕ್ಕಿದ್ದು ಅಜ್ಜಿಯರಿಂದ. ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 65ರವರೆಗೆ ನಡೆದು, ಆಮೇಲೆ ಪೂಜೆ ಕನ್ನಡಕ್ಕೆ ಬಂತು. ಅದಕ್ಕೆ ಮುಂಚೆ ಪೂಜೆ ಲತೀನಿನಲ್ಲಿ. ಜನ ತಮ್ಮ ಮಾತಿನಲ್ಲಿ ದೇವರ ಹತ್ತಿರ ಅಳುತ್ತಿದ್ದದ್ದು ಪೂಜೆಯ ಹೊರಗೆ: ಜಪಸರದಲ್ಲಿ, ಯೇಸುಸ್ವಾಮಿಯ ಕೊನೆಯ ದಾರಿಯನ್ನು ಹದಿನಾಲ್ಕು ಕಡೆ ನಿಂತು ಧ್ಯಾನಿಸುವ ಶಿಲುಬೆ ಹಾದಿಯಲ್ಲಿ, ಮಗನಿಗಾಗಿ ಅಳುವ ಮರಿಯಮ್ಮನ, ಅಂದರೆ ವ್ಯಾಕುಲ ಮಾತೆಯ ಹಾಡುಗಳಲ್ಲಿ. ನಮ್ಮೂರ ಅಜ್ಜಿಯರು ಆ ಹಾಡುಗಳನ್ನು ತಾಯಂದಿರ ಬಾಯಿಂದ ಕಲಿತವರು. ಪುಸ್ತಕ ಬೇಡ, ಕನ್ನಡಕ ಬೇಡ. ಕೀಬೋರ್ಡಿನ ಸದ್ದು ನಿಂತದ್ದೇ ತಡ, ಮೂರನೇ ಬೆಂಚಿನಿಂದ ಅವರ ದನಿ ಎದ್ದು ಬಂತು. ಎಳೆದು ಎಳೆದು ಹಾಡುತ್ತಾರೆ, ಸಾಲಿನ ಕೊನೆಗೆ ಒಂದು ಕೊಂಕು ಹಾಕುತ್ತಾರೆ, ತಾಳ ಗೀಳ ಏನೂ ಇಲ್ಲ. ಗಾನವೃಂದದ ಹುಡುಗಿಯರಿಗೆ ಮೊದಲು ನಗು. ಆಮೇಲೆ ಅವರನ್ನು ಅಜ್ಜಿಯರ ಪಕ್ಕದಲ್ಲೇ ಕೂರಿಸಿದೆ. ಆ ಕೊಂಕು ಹಿಡಿಯಲು ಅವರಿಗೆ ಮೂರ್ನಾಲ್ಕು ಶುಕ್ರವಾರ ಬೇಕಾಯಿತು.

ಇನ್ನು ವಿಭೂತಿ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಹಚ್ಚುವ ಬೂದಿ. ಹೋದ ವರ್ಷ ಗರಿಗಳ ಭಾನುವಾರ ಹಿಡಿದ ಗರಿಗಳನ್ನು ಸುಟ್ಟು ಮಾಡುವುದು. ನಮ್ಮ ಕಡೆ ಈಚಲ ಗರಿ, ತೆಂಗಿನ ಗರಿ ಎರಡೂ ಬರುತ್ತವೆ. ಮನೆಯಲ್ಲಿ ಯೇಸುವಿನ ತಿರುಹೃದಯದ ಪಟದ ಹಿಂದೆ ಸಿಕ್ಕಿಸಿಟ್ಟಿದ್ದನ್ನು ಜನ ಹಿಂದಿನ ಭಾನುವಾರ ತಂದು ಕೊಡುತ್ತಾರೆ. ಹಳೇ ಬಾಣಲೆಯಲ್ಲಿ ಪೂರ್ತಿ ಸುಟ್ಟು, ಆರಿದ ಮೇಲೆ ಅರೆದು, ತೆಳು ಪಂಚೆಯಲ್ಲಿ ಸೋಸಬೇಕು. ಈ ಕೆಲಸ ಮಾಡುವವರಿಗೆ ಒಂದು ಮಾತು: ಬೂದಿಗೆ ನೀರು ಕಲಸಿ ಹಣೆಗೆ ಹಚ್ಚಬೇಡಿ. ಬೂದಿನೀರು ಕ್ಷಾರ, ಮಕ್ಕಳ ಚರ್ಮ ಉರಿದುಹೋಗುತ್ತದೆ. ಒಣದಾಗಿಯೇ ಹಚ್ಚಿ, ಅಂಟದಿದ್ದರೆ ಎರಡು ಹನಿ ಎಣ್ಣೆ ಸಾಕು.

ಶಿಲುಬೆ ಹಾದಿ ನಮ್ಮಲ್ಲಿ ಶುಕ್ರವಾರ ಸಂಜೆ. ಚರ್ಚಿನ ಗೋಡೆಯ ಮೇಲೆ ಹದಿನಾಲ್ಕು ಸ್ಥಳಗಳ ಪಟಗಳಿವೆ, ಆದರೂ ಈ ಸಲ ಒಂದೊಂದು ವಾರ ಒಂದೊಂದು ಬೀದಿಯಲ್ಲಿ ಮಾಡಿದೆವು. ಪ್ರತಿ ಸ್ಥಳಕ್ಕೂ ಒಂದು ಮನೆ. ಮನೆಯವರು ಬಾಗಿಲ ಮುಂದೆ ಸಾರಿಸಿ, ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದು ಶಿಲುಬೆ, ಎರಡು ಮೇಣದಬತ್ತಿ ಇಡಬೇಕು. ಆ ಸ್ಥಳದ ಪ್ರಾರ್ಥನೆಯನ್ನು ಓದುವವರೂ ಆ ಮನೆಯವರೇ. ಓದಲು ಬಾರದಿದ್ದರೆ ಮನಸ್ಸಿಗೆ ಬಂದದ್ದನ್ನು ಹೇಳಲಿ ಅಂದಿದ್ದೆ. ಯೇಸುಸ್ವಾಮಿ ಎರಡನೇ ಸಲ ಬೀಳುವ ಸ್ಥಳದಲ್ಲಿ ಒಬ್ಬರು ಪುಸ್ತಕವನ್ನು ಮಡಿಚಿಟ್ಟು, “ಸ್ವಾಮಿ, ನಮ್ ಹುಡ್ಗ ಮತ್ತೆ ಕುಡಿಯಕ್ ಶುರು ಮಾಡವ್ನೆ” ಅಂದು ಸುಮ್ಮನಾದರು. ಅಚ್ಚಾದ ಪ್ರಾರ್ಥನೆಯನ್ನು ಆ ಸ್ಥಳದಲ್ಲಿ ಯಾರೂ ಓದಲಿಲ್ಲ. ಹಾಡು ಎತ್ತಿಕೊಂಡು ಮುಂದಿನ ಮನೆಗೆ ನಡೆದೆವು.

ಬೀದಿ ಗೊತ್ತು ಮಾಡುವಾಗ ನಾನು ನೋಡುವುದು ಕ್ಯಾಲೆಂಡರಿಗಿಂತ ಹೆಚ್ಚಾಗಿ ರೇಷ್ಮೆಹುಳದ ಮನೆಯನ್ನು. ಹುಳ ಜ್ವರಕ್ಕೆ ಕೂತಿದ್ದರೆ, ಅಂದರೆ ಪೊರೆ ಬಿಡಲು ಸೊಪ್ಪು ತಿನ್ನುವುದು ನಿಲ್ಲಿಸಿದ್ದರೆ, ಮನೆಮಂದಿಗೆ ಬಿಡುವು, ಆ ಬೀದಿಯನ್ನು ಆ ವಾರವೇ ಮುಗಿಸಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುವುದೇ ಆಗುತ್ತದೆ. ಹಣ್ಣಾದ ಹುಳ ಆಯ್ದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಪೋಪರು ಬಂದರೂ ಯಾರೂ ಆಚೆ ಬರುವುದಿಲ್ಲ. ಪಟ್ಟಣದ ಧರ್ಮಕೇಂದ್ರಗಳಲ್ಲಿ ಜನವರಿಯಲ್ಲೇ ವೇಳಾಪಟ್ಟಿ ಅಚ್ಚು ಮಾಡಿಸಿ ಹಂಚುವುದನ್ನು ನೋಡಿದ್ದೇನೆ. ನಮ್ಮಲ್ಲಿ ಅದು ನಡೆಯುವುದಿಲ್ಲ.

ಉಪವಾಸದ ವಿಚಾರ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಪ್ಪೊತ್ತು, ಅದು ಹದಿನೆಂಟು ತುಂಬಿದವರಿಗೆ, ಅರವತ್ತಕ್ಕೆ ಕಾಲಿಡುವವರೆಗೆ. ಆ ಎರಡು ದಿನವೂ ಎಲ್ಲ ಶುಕ್ರವಾರವೂ ಮಾಂಸವಿಲ್ಲ, ಅದು ಹದಿನಾಲ್ಕು ತುಂಬಿದವರಿಗೆಲ್ಲ. ನಿಯಮ ಇಷ್ಟೇ. ಹಳ್ಳಿಯ ರೂಢಿ ಇದಕ್ಕಿಂತ ಬಿಗಿ: ಹಳೇ ಮನೆತನಗಳಲ್ಲಿ ಬೂದಿ ಹಚ್ಚಿಸಿಕೊಂಡ ದಿನದಿಂದ ಪಾಸ್ಕದವರೆಗೂ ಒಲೆಯ ಮೇಲೆ ಬಾಡು ಏರುವುದಿಲ್ಲ. ಆ ರೂಢಿಗೆ 2025ರಲ್ಲಿ ಒಳ್ಳೆಯ ಪರೀಕ್ಷೆಯೇ ಬಂತು. ಯುಗಾದಿ ಮಾರ್ಚ್ 30, ಭಾನುವಾರ. ಮಾರನೇ ದಿನ ಹೊಸತೊಡಕು, ಅದೇ ದಿನ ರಂಜಾನ್ ಹಬ್ಬವೂ ಬಂತು. ಎಡಗಡೆ ಮನೆಯಿಂದ ಮಟನ್ ಸಾರಿನ ವಾಸನೆ, ಬಲಗಡೆಯಿಂದ ಬಿರಿಯಾನಿಯದು. ಮೇಲಾಗಿ ಆ ಭಾನುವಾರ ಪೂಜೆಯಲ್ಲಿ ಓದಿದ ಶುಭಸಂದೇಶ ದಾರಿತಪ್ಪಿದ ಮಗ ಮನೆಗೆ ಮರಳುವ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಕೊಬ್ಬಿದ ಕರು ಕೊಯ್ದು ಹಬ್ಬ ಮಾಡೋಣ ಅಂತ ತಂದೆ ಹೇಳುವ ಸಾಲು ಬಂದಾಗ ಹಿಂದಿನ ಸಾಲಿನ ಗಂಡಸರು ಮುಖ ಮುಖ ನೋಡಿಕೊಂಡರು. ಫಾದರಿಗೂ ನಗು ತಡೆಯಲಾಗಲಿಲ್ಲ.

ಪಕ್ಕದ ಮನೆಯವರು ತಟ್ಟೆ ತಂದಾಗ ಏನು ಮಾಡಬೇಕು ಎಂದು ಯುವಜನರ ಕೂಟದಲ್ಲಿ ದೊಡ್ಡ ಚರ್ಚೆಯೇ ಆಯಿತು. ನನ್ನ ಅಭಿಪ್ರಾಯ ಹೇಳಿಬಿಟ್ಟೆ: ಸೋಮವಾರ, ಸಭೆಯ ನಿಷೇಧವಿಲ್ಲ, ಪ್ರೀತಿಯಿಂದ ಕೊಟ್ಟದ್ದನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುವುದು ತಪಸ್ಸಲ್ಲ. ನನ್ನ ಹೆಂಡತಿ ಒಪ್ಪಲಿಲ್ಲ. ತಟ್ಟೆ ಇಸಿದುಕೊಂಡು, ಖಾಲಿ ತಟ್ಟೆ ಕೊಡಬಾರದೆಂದು ಅದರ ತುಂಬ ಹಣ್ಣಿಟ್ಟು ಕಳಿಸಿ, ಊಟವನ್ನು ತೋಟದ ಕೆಲಸಕ್ಕೆ ಬಂದಿದ್ದ ಹೆಣ್ಣಾಳುಗಳಿಗೆ ಬಡಿಸಿದಳು. ಅವಳದೇ ಸರಿಯಿರಬಹುದು.

ಪಾಸ್ಕದ ಹಿಂದಿನ ಭಾನುವಾರವೇ ಗರಿಗಳ ಭಾನುವಾರ, ಏಪ್ರಿಲ್ 13. ಅಂದು ಓದುವ ಶುಭಸಂದೇಶ ವರ್ಷಕ್ಕೊಬ್ಬರದು, ಆ ವರ್ಷ ಲೂಕನ ಸರದಿ. ಯೇಸುವಿನ ಯಾತನೆಯ, ಸಾವಿನ ವೃತ್ತಾಂತ ಎರಡು ಅಧ್ಯಾಯದಷ್ಟು ಉದ್ದ, ಒಬ್ಬರೇ ಓದಿದರೆ ನಿಂತ ಜನರ ಕಾಲು ನೋಯುತ್ತದೆ, ಮನಸ್ಸು ಆಚೆ ಹೋಗುತ್ತದೆ. ಸ್ವಾಮಿಯ ಮಾತು ಫಾದರಿಗೆ, ನಿರೂಪಣೆ ಒಬ್ಬರಿಗೆ, ಉಳಿದ ಪಾತ್ರಗಳು ಹಂಚಿಕೆ, ಗುಂಪಿನ ಕೂಗು ಇಡೀ ಸಭೆಗೆ. ಓದುವವರಿಗೆ ನಾನು ಹೇಳಿದ್ದು ಇಷ್ಟೇ: ನಾಟಕ ಮಾಡಬೇಡಿ. ನಮ್ಮ ಸೀಮೆಯವರಿಗೆ ಇದನ್ನು ಒತ್ತಿ ಹೇಳಲೇಬೇಕು. ಯೇಸುವಿನ ಪಾಡುಗಳ ನಾಟಕ ಆಡುವುದಕ್ಕೆ ಹಾರೋಬೆಲೆ ಹೆಸರಾದ ಊರು, ನಮ್ಮ ಹುಡುಗರೂ ಅದನ್ನು ನೋಡುತ್ತಲೇ ಬೆಳೆದವರು. ಮೈಕ್ ಕೈಗೆ ಸಿಕ್ಕರೆ ಪಿಲಾತನ ಗಂಟಲು ತಾನಾಗಿಯೇ ದಪ್ಪವಾಗುತ್ತದೆ. ಯೇಸುವಿನ ಶಿಷ್ಯ ಪೇತ್ರನನ್ನು ಬೆಂಕಿಯ ಬೆಳಕಿನಲ್ಲಿ ದಿಟ್ಟಿಸಿ ನೋಡಿ ಇವನೂ ಅವನ ಜೊತೆ ಇದ್ದವನು ಅನ್ನುವ ದಾಸಿಯ ಮಾತನ್ನು ಒಂಬತ್ತನೇ ಕ್ಲಾಸಿನ ಹುಡುಗಿಗೆ ಕೊಟ್ಟಿದ್ದೆ. ಅವಳು ಅದನ್ನು ಅಕ್ಕಪಕ್ಕದವರಿಗೆ ವಿಷಯ ತಿಳಿಸುವ ಹಾಗೆ ಮೆಲ್ಲಗೆ ಓದಿದಳು. ಅಷ್ಟೂ ಓದಿನಲ್ಲಿ ಜನ ತಲೆಯೆತ್ತಿ ನೋಡಿದ್ದು ಅಲ್ಲಿ. ಸ್ವಾಮಿ ಪ್ರಾಣ ಬಿಡುವ ಸಾಲಾದ ಮೇಲೆ ಎಲ್ಲರೂ ಮೊಣಕಾಲೂರಿ ಮೌನವಾಗಿರಬೇಕು. ಆ ಮೌನ ಎಷ್ಟು ಹೊತ್ತು ಎಂಬುದನ್ನು ನಿರೂಪಕನ ಅಂದಾಜಿಗೆ ಬಿಡಬೇಡಿ, ಹೆದರಿ ಬೇಗ ಎದ್ದುಬಿಡುತ್ತಾನೆ. ನಮ್ಮಲ್ಲಿ ಫಾದರ್ ಏಳುವವರೆಗೂ ಯಾರೂ ಏಳುವುದಿಲ್ಲ ಅಂತ ಮಾಡಿಕೊಂಡಿದ್ದೇವೆ.

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಪಾದ ತೊಳೆಯುವ ವಿಧಿಗೆ ಮೊದಲೆಲ್ಲ ಹನ್ನೆರಡು ಗಂಡಸರು, ಹೆಚ್ಚಾಗಿ ಊರಿನ ಮುಖಂಡರೇ. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಹೆಂಗಸರನ್ನೂ ಕೂರಿಸಬಹುದೆಂದು ಆದೇಶ ಬಂತು. ಆದೇಶ ರೋಮಿನಿಂದ ನಮ್ಮೂರಿನ ಬೆಂಚಿನ ತನಕ ಬರಲು ಕಾಲ ಹಿಡಿಯಿತು. ತಡೆದದ್ದು ಗಂಡಸರಲ್ಲ. “ಸ್ವಾಮಿಗಳು ನನ್ ಕಾಲ್ ಮುಟ್ಟೋದಾ? ನರಕಕ್ಕೆ ಹೋಗ್ಲಾ ನಾನು?” ಅಂತ ಅಜ್ಜಿಯರೇ ಕೈ ಮುಗಿದು ಹಿಂದೆ ಸರಿಯುತ್ತಿದ್ದರು. ಈ ಸಲ ಒಬ್ಬರು ಒಪ್ಪಿದರು, ನೂಲು ಬಿಚ್ಚುವ ಕೆಲಸದಲ್ಲಿ ಬಿಸಿನೀರಿಗೆ ಕೈಯದ್ದಿ ಅದ್ದಿ ಬೆರಳೆಲ್ಲ ಬೆಳ್ಳಗಾದವರು. ಮನೆಯಲ್ಲಿ ಸೋಪು ಹಾಕಿ ಉಜ್ಜಿ ತೊಳೆದುಕೊಂಡೇ ಬಂದಿದ್ದರು, ಎಲ್ಲರೂ ಹಾಗೇ ಬರುತ್ತಾರೆ. ಒಡೆದ ಹಿಮ್ಮಡಿಯಲ್ಲಿ ಅರಿಸಿನ ಮಾತ್ರ ಹೋಗಿರಲಿಲ್ಲ. ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಫಾದರ್ ನೀರು ಹುಯ್ದು, ಒರೆಸಿ, ಮುತ್ತಿಟ್ಟು ಮುಂದಕ್ಕೆ ಹೋಗುವವರೆಗೂ ಗೋಡೆಯ ಕಡೆಗೇ ನೋಡುತ್ತಿದ್ದರು. ಪೂಜೆಯಾದ ಮೇಲೆ ಫಾದರನ್ನು ಹುಡುಕಿಕೊಂಡು ಹೋಗಿ ಅವರ ಕಾಲು ಮುಟ್ಟಿ ಲೆಕ್ಕ ಚುಕ್ತಾ ಮಾಡಿಬಂದರು. ಆ ಆದೇಶಕ್ಕೆ ಕಾರಣರಾದ ಪೋಪರು ಪಾಸ್ಕದ ಮಾರನೇ ದಿನ, ಏಪ್ರಿಲ್ 21ರಂದು ತೀರಿಕೊಂಡರು. ಅವರಿಗಾಗಿ ಇಟ್ಟ ಪೂಜೆಗೆ ಈ ಅಜ್ಜಿ ಮುಂದಿನ ಬೆಂಚಿನಲ್ಲಿದ್ದರು.

ಗುರುವಾರದ ಪೂಜೆಯಲ್ಲಿ ದೇವರನ್ನು ಕೊಂಡಾಡುವ ಮಹಿಮಾಗೀತೆಯ ನಂತರ ಗಂಟೆ ನಿಲ್ಲುತ್ತದೆ. ಆಮೇಲೆ ಶನಿವಾರ ರಾತ್ರಿಯ ಪಾಸ್ಕ ಜಾಗರಣೆಯವರೆಗೆ ಮರದ ಹಲಗೆಯ ಸದ್ದು. ಊರ ಬಡಗಿಯೇ ಒಂದು ಹಲಗೆಗೆ ಕೊಡತಿಯಂಥದ್ದನ್ನು ಜೋಡಿಸಿ ಕೊಟ್ಟರು. ಪೀಠಸೇವಕ ಹುಡುಗರಿಗೆ ಅದರ ಮೇಲೆ ಗಂಟೆಗಿಂತ ಪ್ರೀತಿ. ಶುಭ ಶುಕ್ರವಾರ ಪೂಜೆಯಿಲ್ಲ. ಯೊವಾನ್ನನ ಯಾತನೆಯ ವೃತ್ತಾಂತ, ಶಿಲುಬೆಯ ಆರಾಧನೆ, ಹಿಂದಿನ ದಿನ ಕಾದಿಟ್ಟ ಪರಮಪ್ರಸಾದ, ಆಮೇಲೆ ಚರ್ಚಿನ ಅಂಗಳದಲ್ಲಿ ಗಂಜಿ, ಉಪ್ಪಿನಕಾಯಿ. ಶಿಲುಬೆಗೆ ಮುತ್ತಿಡುವ ಸಾಲು ಮುಗಿಯುವವರೆಗೆ ಹಾಡಿದ್ದೆಲ್ಲ ಅಜ್ಜಿಯರೇ. ಗಾನವೃಂದಕ್ಕೆ ಅಂದು ನಾನು ಕೊಟ್ಟ ಸೂಚನೆ ಒಂದೇ, ಅವರ ಹಿಂದೆ ಹೋಗಿ.

ಶನಿವಾರ ರಾತ್ರಿ ಮಹಿಮಾಗೀತೆಗೆ ಗಂಟೆ, ದೀಪ, ಕೀಬೋರ್ಡು ಎಲ್ಲ ಒಟ್ಟಿಗೆ ಬಂದವು. ಹುಡುಗ ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದ, ನಾನು ತಡೆಯಲಿಲ್ಲ. ಆದರೆ ಜಾಗರಣೆಯ ಕೀರ್ತನೆಗಳನ್ನು ಎರಡು ಮನೆಯಲ್ಲೇ ಇಟ್ಟೆ. ಹಬ್ಬ ಕಳೆದ ಮೇಲೂ ಸಾಧಾರಣ ಭಾನುವಾರದ ಕೀರ್ತನೆಗೆ ವಾದ್ಯ ಬೇಡ ಅಂತ ಉಳಿಸಿಕೊಂಡಿದ್ದೇವೆ. ಹುಡುಗನಿಗೆ ಸಿಟ್ಟಿದೆ, ಇರಲಿ.

ಮುಂದಿನ ಸಲ ವಿಭೂತಿ ಬುಧವಾರ 2026ರ ಫೆಬ್ರವರಿ 18ಕ್ಕೆ, ಮತ್ತಾಯನ ಸರದಿ, ಅದಕ್ಕೆ ಈಗಿನಿಂದಲೇ ಓದುವವರನ್ನು ಹುಡುಕಬೇಕು. ಯುಗಾದಿ ಮಾರ್ಚ್ 19, ಸಂತ ಜೋಸೆಫರ ಮಹೋತ್ಸವದ ದಿನವೇ. ಅಂದು ಮಹಿಮಾಗೀತೆಯೂ ಉಂಟು, ಕೀಬೋರ್ಡೂ ಬಿಡುತ್ತೇನೆ. ಮಾರನೇ ದಿನ ಹೊಸತೊಡಕು. ಶುಕ್ರವಾರ. ತಟ್ಟೆ ಬಂದರೆ ಈ ಸಲ ಕೂಟದಲ್ಲಿ ನಾನು ಬಾಯಿ ಬಿಡುವುದಿಲ್ಲ, ಹೆಂಡತಿಯನ್ನೇ ಕೇಳಿ ಅನ್ನುತ್ತೇನೆ.